ತಿರುಗೋ ತುತ್ತೂರಿ ಕೊಟ್ಟ ಹೂವು

ಮೊಮ್ಮಕ್ಕಳ ಮೇಲೆ ಎಷ್ಟು ಬೇಕಾದರೂ ಪ್ರೀತಿ ಇಡಬಹುದು, ಅವರ ಸಾಮಾನಿನ ಮೇಲೆ ಇಡಬಾರದು. ಸಾಮಾನು ಮನೆ ಬಿಟ್ಟು ಹೊರಟಾಗ ಎರಡೆರಡು ಸಲ ಅಳಬೇಕಾಗುತ್ತೆ. ನಾಲ್ಕನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದ ನನಗೆ ಈ ಬುದ್ಧಿ ಬರೋ ಹೊತ್ತಿಗೆ ಹಲ್ಲೆಲ್ಲ ಉದುರಿದ್ದವು.

ಮೊಮ್ಮಗಳು ಚೈತ್ರಾ ಒಂದು ಹಳೇ ಆರ್ಗನ್ ತಂದು ನಮ್ಮ ಶೆಟ್ಟಿಹಳ್ಳಿ ಮನೆಯ ಹಾಲಿನಲ್ಲಿಟ್ಟಳು. ಬೀರುವಿನಷ್ಟು ಭಾರ. ಹಿಂದಿನ ಹಲಗೆ ಬಿಚ್ಚಿ ತೋರಿಸೋವರೆಗೂ ಬೈದೆ. ಒಳಗೆ ಮೋಟರು, ಸಾಲಾಗಿ ಹಲ್ಲಿನ ಚಕ್ರಗಳು, ಒಂದೊಂದರ ಪಕ್ಕ ತಂತಿ ಸುತ್ತಿದ ಅಯಸ್ಕಾಂತ. "ಹಲ್ಲು ಅದರ ಮುಂದೆ ಹಾದಾಗೆಲ್ಲ ತಂತೀಲಿ ಕರೆಂಟು ನಡುಗುತ್ತೆ ಅಜ್ಜಿ. ಆ ನಡುಕಾನೇ ಸ್ವರ. ಹಲ್ಲು ಜಾಸ್ತಿ ಇದ್ರೆ ಕೀಚಲು, ಕಮ್ಮಿ ಇದ್ರೆ ಗಡಸು." ನನ್ನ ದನಿ ಯಾಕೆ ಗಡಸಾಯ್ತು ಅಂತ ಅವತ್ತು ಗೊತ್ತಾಯ್ತು.

ನುಡಿಸೋ ಮನೆಗಳ ಮೇಲೆ ಸಾಲಾಗಿರೋ ಕಡ್ಡಿಗಳನ್ನ ಎಳೆದು ಸ್ವರ ಬೆರೆಸ್ತಾಳೆ, ನಾನು ಸಾರಿಗೆ ಹುಳಿ ಖಾರ ಹಾಕಿದ ಹಾಗೆ. ಇನ್ನೊಂದು ಗುಂಡಿ ತಿರುಗಿಸಿದರೆ ಅದೇ ದನಿ ಚೂರು ತಡವಾಗಿ, ತೂಗಾಡ್ತಾ ಬಂದು ಮೊದಲಿನದಕ್ಕೆ ಸೇರಿಕೊಳ್ಳುತ್ತೆ, ನಮ್ಮ ಭಜನೆ ಹೆಂಗಸರ ಥರ. ಪಕ್ಕದ ಬಾಗಿಲಿಲ್ಲದ ಮರದ ಪೆಟ್ಟಿಗೆಯೇ ಸ್ಪೀಕರು, ಅದರೊಳಗೆ ತುತ್ತೂರಿಯಂಥದ್ದೊಂದು ಗಿರಗಿರ ಸುತ್ತುತ್ತೆ. ಅದರ ಬಾಯಿ ನಮ್ಮ ಕಡೆ ಬರುವಾಗ ದನಿ ಏರುತ್ತೆ, ದೂರ ಹೋಗುವಾಗ ಇಳಿಯುತ್ತೆ, ಹೆಬ್ಬಾಳದಲ್ಲಿ ಆಂಬುಲೆನ್ಸ್ ಹಾದುಹೋದ ಹಾಗೆ.

ಚಕ್ರಗಳು ವೇಗ ಹಿಡಿಯೋವರೆಗೆ ಒಂದು ಸ್ವಿಚ್ಚು ಒತ್ತಿ ಹಿಡಿದಿರಬೇಕು. ಆ ಕೆಲಸ ನನ್ನದು. ಹಿಗ್ಗಿ ಹೀರೇಕಾಯಿ ಆಗಿದ್ದೆ.

ಆಯುಧಪೂಜೆಯ ಹಿಂದಿನ ದಿನ ಚೈತ್ರಾ, "ಇಲ್ಲಿ ಜಾಗ ಸಾಲ್ತಿಲ್ಲ ಅಜ್ಜಿ. ಆರ್ಗನ್ನ ಸಂಜಯನಗರದ ರೂಮಿಗೆ ಸಾಗಿಸ್ತೀನಿ. ಬ್ಯಾಂಡಿನವರೆಲ್ಲ ಅಲ್ಲೇ ಇದಾರೆ" ಅಂದಳು. ಆರ್ಗನ್ ಹೋದರೆ ಅವಳೂ ಅದರ ಹಿಂದೆಯೇ ಹೋದಂಗೆ.

ಮಾರನೇ ದಿನ ಗ್ರೈಂಡರು, ಸ್ಕೂಟರು, ನೀರಿನ ಮೋಟರಿಗೆಲ್ಲ ಪೂಜೆ ಮಾಡಿದೆ. ತಿರುಗೋದಕ್ಕೆಲ್ಲ ಹೂವು ಅಂದಮೇಲೆ, ಯಾರಿಗೂ ಹೇಳದೆ, ತುತ್ತೂರಿಗೂ ಸೇವಂತಿಗೆ ಹಾರ ಕಟ್ಟಿದೆ. "ಆರ್ಗನ್ ಇಲ್ಲೇ ಉಳಿಯೋ ಹಾಗಿದ್ರೆ ಬಲಗಡೆ ಹೂ ಕೊಡಪ್ಪ" ಅಂತ ಬೇಡಿಕೊಂಡೆ. ನಮ್ಮ ಮನೆದೇವರು ಹಾಗೇ ಹೇಳೋದು. ಎಡಗಡೆ ಬಿದ್ದರೆ ಆಸೆ ಬಿಡಬೇಕು.

ಸಂಜೆ ಅಕ್ಕಪಕ್ಕದವರು ಬಂದು ಕೂತರು. ನಾನು ಸ್ವಿಚ್ಚು ಹಿಡಿದೆ. ಚೈತ್ರಾ ನುಡಿಸ್ತಾ ನುಡಿಸ್ತಾ ತುತ್ತೂರಿಯನ್ನ ಜೋರಾಗಿ ಸುತ್ತಿಸಿದಳು. ಹೂ ಬಿತ್ತು. ಬಲಗಡೆ ಬಿತ್ತು, ಎಡಗಡೆ ಬಿತ್ತು, ಸೊಸೆಯ ಕಾಫಿ ಲೋಟಕ್ಕೂ ಬಿತ್ತು. ಗಿರಗಿರ ಸುತ್ತೋ ದೇವರನ್ನ ಕೇಳಿದರೆ ಇನ್ನೇನಾಗುತ್ತೆ? ಕೊನೆಗೆ ಹಾರದ ದಾರ ಸುತ್ತಿಕೊಂಡು, ಅದನ್ನ ಸುತ್ತಿಸೋ ಬೆಲ್ಟು ಕಳಚಿ, ತುತ್ತೂರಿ ಗೋಡೆಗೆ ಮುಖ ಮಾಡಿ ನಿಂತಿತು.

"ಅಜ್ಜೀ, ಏನೇ ಮಾಡಿದ್ದು?"

"ಪೂಜೆ ಕಣೆ."

"ಸ್ಪೀಕರಿಗೆ ಯಾರಾದ್ರೂ ಹಾರ ಹಾಕ್ತಾರಾ?"

"ಗ್ರೈಂಡರಿಗೂ ಹಾಕಿದೀನಿ. ಅದು ಏನೂ ಅನ್ನಲಿಲ್ಲಪ್ಪ."

ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಕತ್ತರಿ ಹಿಡಿದು ದಾರ ಬಿಡಿಸ್ತಾ ಕೂತಳು. ಆರ್ಗನ್ನೂ ಹೋಯ್ತು, ಸ್ವಿಚ್ಚಿನ ಕೆಲಸವೂ ಹೋಯ್ತು ಅಂತ ನಾನು ಮೂಲೆ ಸೇರಿದೆ.

ಬೆಲ್ಟು ಸರಿಯಾಯ್ತು, ಆರ್ಗನ್ ಹೊರಟೇ ಹೋಯ್ತು. ಖಾಲಿ ಹಾಲಿನಲ್ಲಿ ಗುಡಿಸೋಕೂ ಮನಸ್ಸು ಬರ್ತಿರಲಿಲ್ಲ. ಆಮೇಲೊಂದು ದಿನ ಫೋನು: "ಅಜ್ಜಿ, ಇಲ್ಲಿ ಯಾರಿಗೂ ತಾಳ್ಮೆ ಇಲ್ಲ. ಚಕ್ರ ಓಡೋದ್ರೊಳಗೇ ಸ್ವಿಚ್ಚು ಬಿಟ್ಬಿಡ್ತಾರೆ. ಶನಿವಾರ ಬಾ. ಹೂವು ಮಾತ್ರ ತರ್ಬೇಡ."

ಅವತ್ತಿಂದ ಶನಿವಾರ ಶನಿವಾರ ಬಸ್ಸು ಹತ್ತುತ್ತೀನಿ. ಸೊಸೆ ಆಡಿಕೊಳ್ತಾಳೆ: "ಅತ್ತೆ, ಆ ತುತ್ತೂರಿ ಹತ್ತಿರ ಬರೋವಾಗ ದನಿ ಏರುತ್ತೆ. ನೀವು ಮನೆಯಿಂದ ಹೋಗೋವಾಗ ದನಿ ಏರಿಸ್ತೀರ, ಬರೋವಾಗ ಇಳಿಸ್ತೀರ." ಆಯುಧಪೂಜೆ ದಿನದ ಗಡಿಬಿಡೀಲಿ ಚೈತ್ರಾ ನನ್ನ ಬೆಲ್ಟನ್ನೇ ಉಲ್ಟಾ ಹಾಕಿರಬೇಕು.