ವಿಮಾನ ಹತ್ತೋರಿಗೆ ವಿಮೆ ಮಾಡಿಸೋನ ಪಾಡು

ಇಂಥವೆಲ್ಲ ಹುಡುಕಿಕೊಂಡು ಬಂದು ನನ್ನ ತಲೆ ಮೇಲೇ ಯಾಕೆ ಬೀಳ್ತವೋ ಗೊತ್ತಿಲ್ಲ. ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿ ಹತ್ತಿರ, ಜೆರಾಕ್ಸ್ ಅಂಗಡಿ ಪಕ್ಕದಲ್ಲಿ ನನ್ನದೊಂದು ಪುಟ್ಟ ರೂಮಿದೆ. ಹೊರದೇಶಕ್ಕೆ ಹೊರಟವರಿಗೆ ಅಲ್ಲಿ ಆರೋಗ್ಯ ಕೆಟ್ಟರೆ ಆಸ್ಪತ್ರೆ ಖರ್ಚು ಕೊಡೋ ವಿಮೆ ಮಾಡಿಸೋದು ನನ್ನ ಕಸುಬು. ನಾನೇನೂ ನಗೋ ಮನುಷ್ಯನಲ್ಲ. ಕೋಪ ಮೂಗಿನ ತುದೀಲೇ ಇರುತ್ತೆ ಅಂತ ನನ್ನ ಹೆಂಡತಿಯೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಆದರೂ ವಾರಕ್ಕೊಬ್ಬರಾದರೂ ಆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು, ಎದ್ದು ಹೋಗುವಷ್ಟರಲ್ಲಿ ನನ್ನ ಕೋಪಾನ ಹಾಳು ಮಾಡಿಬಿಡ್ತಾರೆ.

೧. ಒಳ್ಳೇ ಗಳಿಗೆ

ನಮ್ಮೂರಿನ ಅರ್ಚಕರೊಬ್ಬರು ಸಿಂಗಪುರದ ಒಂದು ದೇವಸ್ಥಾನದ ಪೂಜೆಗೆ ಎರಡು ತಿಂಗಳು ಹೊರಟಿದ್ದರು. ಎಲ್ಲ ವಿವರ ಬರೆಸಿದರು. ಸಹಿ ಹಾಕೋ ಹೊತ್ತಿಗೆ ಪೆನ್ನು ಕೆಳಗಿಟ್ಟು, ಇದು ಯಾವತ್ತಿನಿಂದ ಶುರು ಅಂತ ಕೇಳಿದರು. ನೀವು ವಿಮಾನ ಹತ್ತೋ ದಿನದಿಂದ ಅಂದೆ. ಚೀಲದಿಂದ ಪಂಚಾಂಗ ತೆಗೆದು, ಬೆರಳು ಮಡಿಸಿ ಎಣಿಸಿ, ಅವತ್ತು ಅಮಾವಾಸ್ಯೆ, ಆಗೋದಿಲ್ಲ ಅಂದುಬಿಟ್ಟರು.

ಅಮಾವಾಸ್ಯೆ ದಿನ ನೀವೇ ಹೊರಡ್ತಿದ್ದೀರಲ್ಲ ಸ್ವಾಮಿ ಅಂದೆ.

"ಟಿಕೆಟ್ ತೆಗೆದವರು ಸಿಂಗಪುರದ ದೇವಸ್ಥಾನದವರು, ಆ ದೋಷ ಅವರಿಗೆ. ಪಾಲಿಸಿ ನನ್ನ ಹೆಸರಲ್ಲಿದೆಯಲ್ಲ," ಅಂದರು.

ಮಾರನೇ ದಿನದಿಂದ ಶುರು ಮಾಡಿ ಅಂತ ಹಟ. ವಿಮಾನದಲ್ಲೇ ಎದೆ ಹಿಡಿದುಕೊಂಡರೆ ಪಂಚಾಂಗ ದುಡ್ಡು ಕೊಡುತ್ತಾ ಅಂತ ರೇಗಿದೆ. ಅರ್ಧ ಗಂಟೆ ಜಗಳವಾಡಿ, ಎರಡು ದಿನ ಮೊದಲೇ, ತ್ರಯೋದಶಿಯಿಂದಲೇ ಶುರು ಮಾಡಿಸೋದು ಅಂತ ರಾಜಿಯಾಯ್ತು. ಸಹಿ ಹಾಕಿ ಬೀದಿಗೆ ಇಳಿದವರು ವಾಪಸ್ಸು ಬಂದು ಬಾಗಿಲಲ್ಲಿ ತಲೆ ತೂರಿಸಿದರು.

"ಆ ಎರಡು ದಿನ ನಾನು ಮನೇಲೇ ಇರ್ತೀನಲ್ಲ. ಆಗ ನೆಗಡಿ ಬಂದರೆ ಅದು ಸಿಂಗಪುರದ ಲೆಕ್ಕಕ್ಕೇ ತಾನೆ?"

೨. ಪಾಂಡವಪುರದವನ ನಷ್ಟ

ಪಾಂಡವಪುರದ ಕಡೆಯವನೊಬ್ಬ ದುಬೈನಲ್ಲಿ ಲಾರಿ ಓಡಿಸೋ ಭಾವಮೈದನ ಮನೇಲಿ ಒಂದು ತಿಂಗಳು ಇದ್ದು ಬಂದ. ಬಂದವನೇ ಖರ್ಜೂರದ ಪೊಟ್ಟಣ ನನ್ನ ಮೇಜಿನ ಮೇಲೆ ಕುಕ್ಕಿ, ಮುಖ ಊದಿಸಿಕೊಂಡು ಕೂತ. ಯಾಕಯ್ಯಾ, ಅಲ್ಲಿ ಹುಷಾರು ತಪ್ಪಿತಾ ಅಂದೆ. ತಪ್ಪಲಿಲ್ಲವಲ್ಲ, ಅದೇ ಅವನ ದೂರು. ಕಟ್ಟಿದ ದುಡ್ಡೆಲ್ಲ ನೀರಲ್ಲಿ ಹೋಮ ಆಯ್ತಂತೆ. ಕೊನೇ ವಾರ ಬೇಕಂತಲೇ ಐಸ್‌ಕ್ರೀಮು ತಿಂದು ಏಸಿ ಎದುರಿಗೇ ಮಲಗಿದ್ದನಂತೆ. ಒಂದು ಸೀನು ಕೂಡ ಬರಲಿಲ್ಲವಂತೆ. ಗಟ್ಟಿಮುಟ್ಟಾಗಿ ಬಂದೆಯಲ್ಲ, ಅದಕ್ಕಿಂತ ಲಾಭ ಏನು ಬೇಕು ಅಂದರೆ ಅವನು ಒಪ್ಪಲಿಲ್ಲ.

"ಅಂಗಲ್ಲ ಕಣಣ್ಣೋ. ಇಲ್ ಬಂದು ಬಸ್‌ಸ್ಟ್ಯಾಂಡಲ್ ಇಳೀತಿದ್ದಂಗೇ ಜ್ವರ ಬಂದ್ಬುಡ್ತು. ಒಂದಿನ ಮುಂಚೆ ಬರಕೇನಾಗಿತ್ತು ಅದ್ಕೆ?"

೩. ಹಲ್ಲು ನೋಡಿ ಹೇಳಿ

ಕೆ.ಆರ್. ಪೇಟೆ ತಾಲ್ಲೂಕು, ಕಿಕ್ಕೇರಿ ಕಡೆಯ ಗಂಡ ಹೆಂಡತಿ ಬಂದರು. ಡೈರಿಗೆ ಹಾಲು ಹಾಕೋ ಮನೆಯವರು. ಅಳಿಯ ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ನು, ಮಗಳು ಅಲ್ಲೇ ಬಸುರಿ. ಹೋದ ಸಲ ಗರ್ಭ ನಿಂತಿರಲಿಲ್ಲ. ಈ ಸಲ ಡಾಕ್ಟರು ವಿಮಾನ ಹತ್ತಬೇಡ ಅಂದಿದ್ದಕ್ಕೆ, ಅವ್ವಾ ನೀನೇ ಬಾ ಅಂತ ಮಗಳು ದಿನಾ ಫೋನಲ್ಲಿ ಅಳುತ್ತಿದ್ದಳಂತೆ. ಬಾಣಂತನ ಮಾಡೋಕೆ ಆ ಅವ್ವನೇ ಹೊರಟಿದ್ದರು, ನಾನು ಅವರನ್ನ ಅಕ್ಕ ಅಂತ ಕರೆದೆ.

ಬಂದ ರೀತಿ ನೋಡಿಯೇ ನನಗೆ ಅನುಮಾನ. ತಲೆಗೆ ಎಣ್ಣೆ ಹಾಕಿ ಬಾಚಿ, ಮದುವೆಗೆ ಉಡೋ ಸೀರೆ ಉಟ್ಟು, ಕೂತ್ಕೊಳ್ಳಿ ಅಂದರೂ ಕೂರದೆ ನೆಟ್ಟಗೆ ನಿಂತಿದ್ದರು. ವಯಸ್ಸೆಷ್ಟಕ್ಕಾ ಅಂದರೆ, ಹಲ್ಲು ನೋಡಿ ನೀವೇ ಹೇಳಿ ಅಂದರು. ಬಿಪಿ ಇದೆಯಾ? ಇಲ್ಲ. ಸಕ್ಕರೆ ಕಾಯಿಲೆ? ಅದೂ ಇಲ್ಲ. ಅವರ ಯಜಮಾನರು, ಗೌಡ್ರು, ಸುಮ್ಮನೆ ಫ್ಯಾನು ನೋಡುತ್ತಿದ್ದರು. ಪಾಸ್‌ಪೋರ್ಟು ತೆಗೆಯೋಕೆ ಅಕ್ಕ ಚೀಲಕ್ಕೆ ಕೈ ಹಾಕಿದಾಗ ಮಾತ್ರೆ ಹಾಳೆಯೊಂದು ಕೆಳಗೆ ಬಿತ್ತು. ನಮ್ಮಪ್ಪನೂ ನುಂಗುತ್ತಿದ್ದ ಸಕ್ಕರೆ ಮಾತ್ರೆ. ಯಾರದು ಇದು ಅಂದೆ. ಅಕ್ಕ ಗಂಡನ ಕಡೆ ಕೈ ತೋರಿಸಿದರು. ನಂದೇ ಅಂತ ಗೌಡ್ರೂ ಒಪ್ಪಿಕೊಂಡರು. ದಿನಕ್ಕೆ ಎಷ್ಟು ತಗೋತೀರಿ ಅಂತ ಕೇಳಿದರೆ, ಹೆಂಡತಿ ಮುಖ ನೋಡಿದರು.

ನನಗೆ ಪಿತ್ತ ನೆತ್ತಿಗೇರಿತು, ಕೂಗಾಡಿಬಿಟ್ಟೆ. ಅಕ್ಕನ ಕಣ್ಣಲ್ಲಿ ನೀರು ಬಂತು.

"ಕಾಯ್ಲೆ ಬಿದ್ದಿರೋ ಹಸೂಗೆ ಯಾರ್ ವಿಮೆ ಕೊಟ್ಟಾರು ಸ್ವಾಮಿ? ಡಾಕ್ಟ್ರು ಬರೋ ದಿನ ನಾವು ಹಸೂನ ತೊಳ್ದು, ಮೈ ಉಜ್ಜಿ ನಿಲ್ಸಾಕಿಲ್ವಾ? ನೀವ್ ಬ್ಯಾಡ ಅಂದ್ಬುಟ್ರೆ ನನ್ ಮಗ್ಳು ಆ ದೇಸ್ದಲ್ಲಿ ಒಬ್ಳೇ ಹೆರ್ಬೇಕಲ್ಲ."

ಆಗ ನನಗೆ ಹೊಳೀತು. ಅವರಿಗೆ ಗೊತ್ತಿದ್ದದ್ದು ಹಸು ವಿಮೆ ಒಂದೇ. ಅವರ ಪಾಲಿಗೆ ನಾನು ದನದ ಡಾಕ್ಟರು. ಕಾಯಿಲೆ ಇದೆ ಅಂತ ಬರೆದರೂ ಕೊಡ್ತಾರಕ್ಕ, ಸ್ವಲ್ಪ ಹೆಚ್ಚಿಗೆ ಕಟ್ಟಬೇಕು ಅಷ್ಟೇ ಅಂತ ಬಿಡಿಸಿ ಹೇಳಿದೆ. ಮುಚ್ಚಿಟ್ಟು ಹೋಗಿ ಅಲ್ಲಿ ಬಿದ್ದರೆ ಅಳಿಯನ ವರ್ಷದ ಸಂಬಳ ಆಸ್ಪತ್ರೆ ಪಾಲಾಗುತ್ತೆ ಅಂತಲೂ ಹೇಳಿದೆ. ಅಕ್ಕ ಆಗ ಕುರ್ಚಿ ಎಳೆದುಕೊಂಡು ಕೂತು ಶುರು ಮಾಡಿದರು. ಸಕ್ಕರೆ, ಬಿಪಿ, ಮಂಡಿ ನೋವು, ಯಾವ ಕಾಲದಲ್ಲೋ ಚೇಳು ಕುಟುಕಿದ್ದು. ಸಾಕು ಬಿಡಿ ಅಕ್ಕ ಅಂದರೆ ಗಂಡನ ಕಡೆ ತಿರುಗಿ ನೋಡಿ,

"ಇವ್ರ್ ಗೊರಕೆ ಬರ್ಕಳಿ. ಮೂವತ್ ವರ್ಸದಿಂದ ನಂಗ್ ನಿದ್ದೆ ಇಲ್ಲ," ಅಂದರು.

೪. ಪಾಸಾಯ್ತು

ಅಕ್ಕ ಮಸ್ಕತ್ತು ಸೇರಿದ ಮೂರನೇ ವಾರ ಮಗಳಿಗೆ ನೋವು ಬಂತು. ಮಗು ಹುಟ್ಟೋ ತನಕ ಬಾಯಿಗೆ ಏನೂ ಹಾಕಲ್ಲ ಅಂತ ಮನೆದೇವರಿಗೆ ಹರಕೆ ಹೊತ್ತು, ಅಕ್ಕ ಆಸ್ಪತ್ರೆ ಬೆಂಚಿನ ಮೇಲೆ ಕೂತರು. ಸಕ್ಕರೆ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ಹೊಟ್ಟೆಗಿಲ್ಲದೆ ಮಾತ್ರೆ ನುಂಗಿದರೆ ಏನಾಗಬೇಕೋ ಅದೇ ಆಯ್ತು. ಸಕ್ಕರೆ ಇಳಿದು ಅಲ್ಲೇ ಕುಸಿದರು. ಮೇಲಿನ ಮಹಡೀಲಿ ಮಗಳು, ಕೆಳಗಿನ ಎಮರ್ಜೆನ್ಸೀಲಿ ಅವ್ವ. ಅಳಿಯ ಮಾವನಿಗೆ ಫೋನು ಮಾಡಿ ಅತ್ತೆಗೆ ಪ್ರಜ್ಞೆ ಇಲ್ಲ ಅಂತ ಹೇಳಿ, ನನಗೂ ಮಾಡಿದ.

ಅವತ್ತು ನನಗೆ ಊಟ ಸೇರಲಿಲ್ಲ, ನಿಜ ಹೇಳ್ತೀನಿ. ಕಂಪನಿಗೆ ಫೋನು ಮಾಡಿ ಮಾಡಿ ಕಿವಿ ಕಾದುಹೋಯ್ತು. ಕಾಯಿಲೆ ಮೊದಲೇ ಬರೆಸಿದ್ದರಿಂದ ಅವರು ತಕರಾರು ಎತ್ತಲಿಲ್ಲ. ಮಾರನೇ ದಿನ ಬೆಳಿಗ್ಗೆ, ಆಸ್ಪತ್ರೆ ಖರ್ಚೆಲ್ಲ ನಾವೇ ಕಟ್ಟುತ್ತೇವೆ ಅಂತ ಮೆಸೇಜು ಬಂತು. ಹಿಂದೆಯೇ ಅಳಿಯನ ಫೋನು. ಹೆಣ್ಣು ಮಗುವಂತೆ, ತಾಯಿ ಮಗು ಚೆನ್ನಾಗಿದ್ದಾರಂತೆ, ಅತ್ತೆ ಎದ್ದು ಕೂತು ಇಡ್ಲಿ ಕೇಳುತ್ತಿದ್ದಾರಂತೆ. ಮಾವನಿಗೆ ಲೈನು ಸಿಗ್ತಿಲ್ಲ, ನೀವೇ ತಿಳಿಸಿಬಿಡಿ ಅಂದ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಸಂತೋಷದಲ್ಲೇ ಎಡವಟ್ಟು ಮಾಡಿದೆ. ಗೌಡ್ರು ಫೋನು ಎತ್ತಿದ ಕೂಡಲೇ ಮೊದಲು ನನ್ನ ಕಸುಬಿನ ಸುದ್ದಿಯನ್ನೇ ಹೇಳಿದೆ.

"ಗೌಡ್ರೇ, ವಿಮೆ ಪಾಸಾಯ್ತು. ಪೂರ್ತಿ ದುಡ್ಡು ಕೊಡ್ತಾರೆ."

ಆ ಕಡೆಯಿಂದ, ನನ್ ಬುಟ್ಟು ಓಗ್ಬುಟ್ಯಲ್ಲಮ್ಮೀ ಅಂತ ಗೌಡ್ರು ಬಾಯಿ ಬಡಿದುಕೊಂಡು ಅಳೋದು ಕೇಳಿಸ್ತು. ಅಕ್ಕಪಕ್ಕದವರು ಓಡಿ ಬಂದರು. ಯಾರೋ ಫೋನು ಕಿತ್ತುಕೊಂಡು, ಮಣ್ಣಿಗೆ ಊರಿಗೇ ತರ್ತಾರಾ, ಅಲ್ಲೇ ಮಾಡ್ತಾರಾ ಅಂತ ನನ್ನನ್ನೇ ಕೇಳಿದರು. ಹಸು ವಿಮೆ ದುಡ್ಡು ಕೈಗೆ ಬರೋದು ಹಸು ಸತ್ತಮೇಲೆ ತಾನೆ? ಪಾಸಾಯ್ತು ಅಂದರೆ ಗೌಡ್ರು ಇನ್ನೇನು ಅಂದುಕೊಳ್ಳಬೇಕು? ಯಾರೂ ಸತ್ತಿಲ್ಲ ಮಾರಾಯ್ರೇ ಅಂತ ನಾನು ಗಂಟಲು ಹರಕೊಂಡರೂ ಆ ಗೋಳಿನಲ್ಲಿ ಕೇಳೋರೇ ಇಲ್ಲ. ಕೊನೆಗೆ ಮಸ್ಕತ್ತಿಗೆ ಫೋನು ಹಚ್ಚಿ ಅಕ್ಕನನ್ನೇ ಅದೇ ಲೈನಿಗೆ ತಂದೆ.

"ಯಾಕಿಂಗ್ ಊರೆಲ್ಲ ಸೇರ್ಸಿದ್ದೀರಿ? ನಾನ್ ಇಲ್ಲಿ ಕಲ್‌ಗುಂಡ್ ಇದ್ದಂಗಿವ್ನಿ, ಮೊಮ್ಮಗೀನ ಎತ್ಕೊಂಡ್ ಕುಂತಿವ್ನಿ. ಹಾಲ್ ಕರ್ದ್ರಾ, ಇಲ್ವಾ?" ಅಂದರು ಅಕ್ಕ.

ಅಳು ನಿಂತಿತು. ಗೌಡ್ರು ಮೂಗು ಸೀಟಿದ್ದು ನನಗೂ ಕೇಳಿಸ್ತು. ಆಮೇಲೆ ಮೆಲ್ಲಗೆ ನನ್ನ ಕೇಳಿದರು.

"ಸ್ವಾಮಿ, ಬದುಕಿರೋರ್ಗೂ ದುಡ್ ಕೊಡ್ತಾರಾ?"

ಕೊಡ್ತಾರೆ ಗೌಡ್ರೇ, ಬದುಕಲಿ ಅಂತಲೇ ಕೊಡೋದು ಅಂದೆ.

"ಅಂಗಾರೆ ನಂದೂ ಒಂದ್ ಮಾಡ್ಬುಡಿ. ಮೊಮ್ಮಗೀನ ನೋಡಾಕೆ ನಾನೂ ಓಯ್ತೀನಿ. ಇಷ್ಟ್ ದಿನ ಬರೀ ಹಸೂಗೇ ಕಟ್ಕೊಂಡ್ ಕುಂತಿದ್ದೆ."