ಆಕಿ ಎಲ್ಲಿ ಕುಂದ್ರಬೇಕು?

ಮಕ್ಕಳು ಊರು ತಿದ್ದಲು ಹೊರಟರೆ ಮನೆಯ ಹಿರಿಯರಿಗೆ ನಗುವಿಗೆ ಬರವಿರುವುದಿಲ್ಲ. ಸೇಡಂನ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಮಗಳು ನಾಲ್ವರು ಗೆಳತಿಯರನ್ನು ಕಟ್ಟಿಕೊಂಡು ಶಾಲೆಗಳಿಗೆ ತಿಳಿಹೇಳಲು ಹೊರಟಾಗ ನಾನೇ ಕಾರ್ಯದರ್ಶಿ. ನಮ್ಮ ಕಾಲದಲ್ಲೇ ಗುಲಬರ್ಗಾದಲ್ಲಿ ಬಿ.ಎ. ಮುಗಿಸಿದವಳು ನಾನು. ಯಾರು ಏನಂದರು ಎಂಬುದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ.

ಸಂಗತಿ ಇಷ್ಟೆ. ನಮ್ಮ ಓಣಿಯ ಒಂದು ಮಗುವನ್ನು ಶಾಲೆಯಲ್ಲಿ ಹುಡುಗ ಎಂದು ಬರೆಸಿದ್ದರು. ತಾನು ಹುಡುಗಿ ಎಂದಳು ಆಕೆ. ತರಗತಿಯ ಹುಡುಗರು ಗೋಳು ಹೊಯ್ದುಕೊಂಡರು. ಒಂಬತ್ತನೇ ತರಗತಿ ಪಾಸಾಗಿ, ಬೇಸಿಗೆ ರಜೆ ಮುಗಿದರೂ ಮನೆಯಲ್ಲೇ ಕೂತಳು. ಅವಳಿಗೋ ಹತ್ತನೇದು ಓದುವ ಆಸೆ.

ರೈಲಿನ ಬಾಯಿಪಾಠ

ಮೊದಲ ಭಾಷಣ ವಾಡಿಯ ಶಾಲೆಯೊಂದರಲ್ಲಿ. ಸೇಡಂನಲ್ಲಿ ರೈಲು ಹತ್ತಿದಾಗಿನಿಂದ ಮಗಳದು ಒಂದೇ ಪಾಠ: "ಹುಡುಗ ಅಂತ ಬರೆಸಿದ ಮಗು ತಾನು ಹುಡುಗಿ ಅಂದ್ರ ನಗಬ್ಯಾಡ್ರಿ, ಕೇಳ್ರಿ..." ಎದುರಿಗೆ ಶೇಂಗಾ ಬುಟ್ಟಿಯ ಮುದುಕಿ ಸುಮ್ಮನೆ ಕೇಳುತ್ತಿದ್ದಳು.

ಶಾಲೆಯಲ್ಲಿ ಮೈಕಿನ ಮುಂದೆ ನಿಂತರೆ ಮಗಳಿಗೆ ಒಂದಕ್ಷರ ನೆನಪಿಲ್ಲ! ಗೇಟಿನ ಬಳಿ ಶೇಂಗಾ ಮಾರುತ್ತಿದ್ದ ಅದೇ ಮುದುಕಿ ಕೂಗಿದಳು: "'ನಗಬ್ಯಾಡ್ರಿ, ಕೇಳ್ರಿ' ಅನ್ನು ತಂಗಿ! ನನಗ ಬಾಯಿಪಾಠ ಆಗ್ಯಾದ, ನಿನಗ ಆಗಿಲ್ಲೇನು?"

ಅಂಟುವ ಭಯ

ಶಹಾಬಾದಿನಲ್ಲಿ ಗಣಿತದ ಮೇಷ್ಟ್ರು ಎದ್ದು ನಿಂತರು. "ಇಂಥಾದ್ದು ಹುಡುಗರಿಗೆ ಹೇಳಿದ್ರ ಎಲ್ಲಾರಿಗೂ ಅಂಟಿಕೊಂಡ್ರ?"

ನಮ್ಮ ತಂಡದ ಒಬ್ಬಾಕೆ ಅವರ ಹಳೇ ವಿದ್ಯಾರ್ಥಿನಿ. ಕೈ ಮುಗಿದು ಕೇಳಿದಳು: "ಸರ್, ನೀವು ಇಪ್ಪತ್ತು ವರ್ಷದಿಂದ ಗಣಿತ ಹೇಳಾಕತ್ತೀರಿ. ಅದು ಒಬ್ಬರಿಗಾದ್ರೂ ಅಂಟ್ಯಾದೇನ್ರಿ?"

ಬರಕೋಬ್ಯಾಡ್ರಿ

ಕೊನೆಗೆ ನಮ್ಮ ಓಣಿಯ ಹುಡುಗಿಯ ಶಾಲೆಗೇ ಹೋದೆವು. ಹೆಡ್‌ಮಾಸ್ತರರು ಅಂದರು: "ನನ್ನದೇನೂ ಅಡ್ಡಿ ಇಲ್ಲರಿ. ಆದ್ರ ಈ ಕಡೆ ಹುಡುಗರು, ಆ ಕಡೆ ಹುಡುಗ್ಯಾರು. ಆಕಿ ಎಲ್ಲಿ ಕುಂದ್ರಬೇಕು?"

ನಾನು ಬರೆದುಕೊಂಡೆ.

"ಅಮ್ಮಾರೆ, ಅದನ್ನ ಬರಕೋಬ್ಯಾಡ್ರಿ."

ಅದನ್ನೂ ಬರೆದುಕೊಂಡೆ.

"ಅಯ್ಯೋ, ಬರಕೋಬ್ಯಾಡ್ರಿ ಅಂದದ್ದನ್ನೂ ಬರದ್ರೇನು?"

ಅದನ್ನೂ ಬರೆದೆ. ಅವರು ಹಣೆ ಒರೆಸಿಕೊಂಡರು. "ನಾಳಿಂದ ಬರಲಿ. ಹುಡುಗ್ಯಾರ ಕಡೆ ಕುಂದ್ರಲಿ. ಇದೊಂದು ಮಾತ್ರ ದಪ್ಪ ಅಕ್ಷರದಾಗ ಬರಕೋರಿ!"

ಹುಡುಗರ ಅರ್ಜಿ

ಮರುದಿನ ಆಕೆ ಶಾಲೆಗೆ ಹೋದಳು. ಹುಡುಗಿಯರು ಸರಿದು ಜಾಗ ಕೊಟ್ಟರಂತೆ. ಮಧ್ಯಾಹ್ನ ಹೆಡ್‌ಮಾಸ್ತರರಿಂದ ಕರೆ ಬಂತು. ಹೋಗಿ ನೋಡಿದರೆ ಕೋಣೆಯ ತುಂಬಾ ಹುಡುಗರು, ಮೂಲೆಯಲ್ಲಿ ಆಕೆ. ಎಲ್ಲರ ಮುಂದೆ, ಆಕೆಯನ್ನು ಹೆಚ್ಚು ಕಾಡಿಸಿದವನೇ. ನಾನು ನೋಟ್‌ಬುಕ್ಕು ತೆಗೆದೆ.

"ಸರ್, ಆಕಿ ಹುಡುಗೀನೇ. ನಾವು ಕಾಡಿಸಿದ್ದು ತಪ್ಪಾತು" ಅಂದ ಅವನು.

"ಮತ್ತ ಯಾಕ ಬಂದೀರಿ?"

"ಒಂಬತ್ತನೇದಾಗ ನಾವೆಲ್ಲಾ ಪಾಸಾಗಿದ್ದೇ ಆಕಿ ಹಿಂದ ಕುಂತು ರೀ. ನಮ್ಮನ್ನೂ ಹುಡುಗ್ಯಾರ ಕಡೆ, ಆಕಿ ಹಿಂದಿನ ಬೆಂಚಿಗೆ ಹಾಕ್ರಿ!"

ಮೂಲೆಯಲ್ಲಿದ್ದ ಆಕೆ ತಲೆ ಎತ್ತಿ ಅಂದಳು: "ಕುಂದ್ರಲಿ ಬಿಡ್ರಿ ಸರ್. ಮೊದಲು ಎಲ್ಲಾ ತಪ್ಪು ಬರೀತೀನಿ. ಇವರು ಕಾಪಿ ಹೊಡದು ಪೇಪರ್ ಕೊಟ್ಟು ಹೋದ ಮ್ಯಾಲ, ಆ ತಪ್ಪೆಲ್ಲಾ ಅಳಿಸಿ ಸರಿ ಬರೀತೀನಿ!"