ಆಚಾರ್ಯರು ಬೆಲೆ ಕಟ್ಟಿದ ಜೋಡಿ ಸ್ಪೀಕರು

ಅದು ತೊಂಬತ್ತೈದರ ಸುಮಾರಿನ ಮಾತು. ಸೇಡಂ ಕಡೆ ಹಳೆಯ ಸ್ಪೀಕರು ಕೊಳ್ಳುವವರು, ಮಾರುವವರು, ಅಷ್ಟೇಕೆ, ಸುಮ್ಮನೆ ಆಸೆಪಡುವವರೂ ಮೊದಲು ಆನಂದತೀರ್ಥಾಚಾರ್ಯರ ಮನೆ ಬಾಗಿಲಿಗೆ ಬರಬೇಕಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳುವುದು ಅವರ ಹೊಟ್ಟೆಪಾಡು. ನಿಜವಾದ ಆಸ್ತಿ ಅವರ ಕಿವಿ. ಚಿಂಚೋಳಿಯ ಭಜನೆಯವರು, ಶಹಾಬಾದಿನ ಬ್ಯಾಂಡಿನವರು ಸ್ಪೀಕರಿನ ಡಬ್ಬಿ ಹೊತ್ತು ತಂದು, ಪಡಸಾಲೆಯಲ್ಲಿಟ್ಟು, ಕೈಕಟ್ಟಿ ನಿಲ್ಲುತ್ತಿದ್ದರು. ಆಚಾರ್ಯರು ಡಬ್ಬಿಯನ್ನು ಬೆರಳಿನಿಂದ ತಟ್ಟಿ, ಒಳಗಿನ ಕಾಗದದ ಪರದೆಯನ್ನು ಮೂಸಿ (ಯಾಕೆ ಮೂಸುತ್ತಾರೆಂದು ಕೇಳುವ ಧೈರ್ಯ ಯಾರಿಗೂ ಆಗಿರಲಿಲ್ಲ), ಕಣ್ಣು ಮುಚ್ಚಿ ಆಲಿಸಿ ತೀರ್ಪು ಕೊಡುತ್ತಿದ್ದರು. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಇದ್ದ ಒಂದೇ ಅಪೀಲು ಅಡುಗೆಮನೆಯಲ್ಲಿತ್ತು. ಹೆಂಡತಿ ಭಾಮಾಬಾಯಿಯವರ ಪ್ರಕಾರ, ಮದುವೆಯಾದಾಗಿನಿಂದ ‘ಕಾಯಿಪಲ್ಯ ತೀರ್‍ಯದ’ ಎಂಬ ಒಂದು ಮಾತು ಆ ಮಹಾಕರ್ಣಗಳೊಳಗೆ ಹೊಕ್ಕಿರಲಿಲ್ಲ.

ಆ ವರ್ಷ ಆಚಾರ್ಯರ ಮಾನವೇ ಪಣಕ್ಕೆ ಬಿದ್ದಿತ್ತು. ಮಳಖೇಡದ ಮಠದ ಗುರುಗಳ ಆರಾಧನೆಯಲ್ಲಿ ಒಂದು ಸಂಜೆ ಅವರ ಭಜನಾ ಮಂಡಳಿಗೇ ಮೀಸಲು. ಮಂಡಳಿಯಲ್ಲಿ ಮುಂದೆ ಕೂತು ಹಾಡುತ್ತಿದ್ದ ವೆಂಕಟೇಶ ವರ್ಗವಾಗಿ ಹೋದ ಮೇಲೆ ಹಿಂದಿನ ವರ್ಷ ಆಚಾರ್ಯರೇ ಆ ಜಾಗದಲ್ಲಿ ಕೂತರು. ಎರಡನೆಯ ಪದಕ್ಕೆ ಮುಂದಿನ ಸಾಲು ಎದ್ದುಹೋಯಿತು. ಮೂರನೆಯದಕ್ಕೆ ಉಳಿದವರೂ ಚಪ್ಪಲಿ ಹುಡುಕತೊಡಗಿದರು. ಈ ಸಲವೂ ಹಾಗಾದರೆ ಆ ಸಂಜೆಯನ್ನು ಬೇರೆಯವರಿಗೆ ಕೊಡಬೇಕಾದೀತೆಂದು ಮಠದ ಹಿರಿಯರು ಮೆತ್ತಗೆ ಹೇಳಿ ಕಳಿಸಿದ್ದರು. ತಪ್ಪೆಲ್ಲ ಸ್ಪೀಕರಿನದು ಎಂಬುದರಲ್ಲಿ ಆಚಾರ್ಯರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಹೀಗಿರುವಾಗ ಒಂದು ರವಿವಾರ ವಾಡಿಯ ಬಾಬುಮಿಯಾ ಟೆಂಪೋದಲ್ಲಿ ಜೋಡಿ ಸ್ಪೀಕರು ತಂದಿಳಿಸಿದರು. ಒಂದು ಕಾಲಕ್ಕೆ ಕವ್ವಾಲಿ ಪಾರ್ಟಿ ಕಟ್ಟಿಕೊಂಡು ಊರೂರು ತಿರುಗಿದ ಮುದುಕರು. ಡಬ್ಬಿಗಳೋ, ಸಾಗವಾನಿಯವು, ಒಂದೊಂದೂ ಕಪಾಟಿನಷ್ಟು ದೊಡ್ಡವು. ಮುಂದೆ ಹಿತ್ತಾಳೆಯ ಜಾಲರಿ. ಕಂಡ ಕೂಡಲೇ ಆಚಾರ್ಯರಿಗೆ ಕೈ ಮುಗಿಯಬೇಕೆನಿಸಿತು. ಮುಗಿದೂಬಿಟ್ಟರು.

“ಈಗಿನ ಹುಡುಗರಿಗಿ ಬರೇ ಧಬಧಬ ಬೇಕ್ರಿ” ಎಂದರು ಬಾಬುಮಿಯಾ. “ಇವು ಹಾಡೋರ ಮನ್ಯಾಗ ಇರ್ಲಿ ಅಂತ ತಂದೀನಿ. ಬೆಲಿ ನೀವೇ ಹೇಳ್ರಿ, ಆಚಾರ್ರೆ.”

ಒಂದು ಡಬ್ಬಿ ಕಿಟಕಿಯ ಕೆಳಗೆ ಕೂತಿತು. ಇನ್ನೊಂದಕ್ಕೆ ಜಾಗವೇ ಇರಲಿಲ್ಲ. ಕಡೆಗೆ ಅದನ್ನು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದರು. ಅದರ ಬೆನ್ನ ಹಿಂದಿನಿಂದ ಭಾಮಾಬಾಯಿಯವರ ದನಿ ಬಂತು.

“ಅಲ್ರಿ, ನಾ ಮಡೀಲೆ ಇದ್ದೀನಿ. ಊರ ಮಂದಿ ಮುಟ್ಟಿದ ಡಬ್ಬಿ ಬಾಗಿಲಿಗೆ ಇಟ್ರ ನಾ ಹೊರಗ ಹ್ಯಾಂಗ ಬರ್ಲಿ?”

“ಬರಬ್ಯಾಡ. ಅಡಿಗಿ ಮಾಡ್ಕೋತ ಅಲ್ಲೇ ಇರು.”

“ಅಡಿಗಿ ಆಗ್ಯದ. ಉಣ್ಣೋರು ಒಳಗ ಹ್ಯಾಂಗ ಬರ್ತೀರಿ, ಅದನ್ನ ವಿಚಾರ ಮಾಡ್ರಿ.”

ಅಷ್ಟು ವಿಚಾರ ಮಾಡಲು ಆಚಾರ್ಯರಿಗೆ ಪುರುಸೊತ್ತಿರಲಿಲ್ಲ. ಪರೀಕ್ಷೆ ಶುರುವಾಗಿತ್ತು. ಅದಕ್ಕೆ ಕಟ್ಟುನಿಟ್ಟಾದ ನೇಮವಿತ್ತು: ಅವರು ಕಣ್ಣು ಮುಚ್ಚಿದರೆಂದರೆ ತಾವಾಗಿ ತೆರೆಯುವವರೆಗೆ ಯಾರೂ ಪಿಟ್ಟೆನ್ನಬಾರದು. ಮಂಡಳಿಯ ತಬಲಾದ ಹಣಮಪ್ಪ, ಆದಿತ್ಯನಗರದವನು, ಹಿಂದೊಮ್ಮೆ ನಡುವೆ ಬಾಯಿ ಹಾಕಿ “ಛಲೋ ಅದ ನೋಡ್ರಿ” ಅಂದಿದ್ದ. ಪರೀಕ್ಷೆ ಮೊದಲಿನಿಂದ ನಡೆದು ಎಲ್ಲರ ಊಟ ಸಂಜೆಗೆ ಹೋಗಿತ್ತು.

ವೆಂಕಟೇಶನ ಹಳೆಯ ದಾಸರ ಪದದ ಕ್ಯಾಸೆಟ್ಟು ಹಾಕಿದರು. ಹಣಮಪ್ಪ ಗುಂಡಿ ಒತ್ತಿದ. (ಎಲ್ಲ ಪರೀಕ್ಷೆಗೂ ಅದೇ ಕ್ಯಾಸೆಟ್ಟು. ಮಾಳಿಗೆಯ ಮೇಲಿನ ಕಾಗೆಗಳಿಗೂ ಅದು ಬಾಯಿಪಾಠವಾಗಿತ್ತು.) ಕಿಟಕಿಯ ಕೆಳಗಿನ ಡಬ್ಬಿ ಗೊರಗೊರ ಅಂದಿತು.

“ಇದಕ್ಕ ನೆಗಡಿ ಆಗ್ಯದ” ಎಂದರು ಆಚಾರ್ಯರು, ಕಣ್ಣು ತೆರೆಯದೆ. “ಇನ್ನೊಂದಕ್ಕ ವೈರು ಹಚ್ಚರಿ.”

ಬಾಬುಮಿಯಾ ವೈರು ಕಿತ್ತರು, ಪದ ಅರ್ಧಕ್ಕೆ ನಿಂತಿತು. ಅದೇ ಹೊತ್ತಿಗೆ ಕರೆಂಟೂ ಹೋಯಿತು. ಹಣಮಪ್ಪ ಹೇಳಲೆಂದು ಬಾಯಿ ತೆರೆದ, ಅಂದಿನ ಊಟ ನೆನಪಾಗಿ ಮುಚ್ಚಿಕೊಂಡ.

ಒಳಗೆ ಭಾಮಾಬಾಯಿ, ಕರೆಂಟು ಹೋದ ಮೇಲೆ ಗಂಡಸರೆಲ್ಲ ಗಾಳಿಗೆ ಕಟ್ಟೆಯ ಮೇಲೆ ಹೋಗಿ ಕೂತರೆಂದೇ ತಿಳಿದರು. ದಿನಾ ಕೇಳಿದ ಪದ ಅರ್ಧಕ್ಕೆ ನಿಂತದ್ದು ಅವರಿಗೆ ತಡೆಯಲಿಲ್ಲ. ನಿಂತ ಸಾಲನ್ನು ತಾವೇ ಎತ್ತಿಕೊಂಡರು.

ಏನು ಹೇಳಲಿ ಆ ದನಿಯನ್ನು! ಶಹಾಬಾದಿ ಕಲ್ಲಿನ ಆ ಅಡುಗೆಮನೆಯಲ್ಲಿ ಅದು ತುಂಬಿ, ಸಾಗವಾನಿ ಡಬ್ಬಿಯ ಸಂದಿಯಿಂದ ಪಡಸಾಲೆಗೆ ಹರಿಯಿತು. ಬಾಬುಮಿಯಾ ವೈರಿನ ತುದಿ ಹಿಡಿದುಕೊಂಡು ನಿಂತಲ್ಲೇ ನಿಂತರು. ಆಚಾರ್ಯರ ಮುಚ್ಚಿದ ಕಣ್ಣಿನಿಂದ ನೀರಿಳಿಯಿತು. ದೇವರಾಣೆಗೂ ಅಂಥದ್ದನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ.

“ಬಾಬುಮಿಯಾ, ಇದು ಸ್ಪೀಕರಲ್ಲ, ಸಾಕ್ಷಾತ್ ಗಂಧರ್ವ” ಎಂದರು. “ವೆಂಕಟೇಶನ ದನಿ ಹ್ಯಾಂಗ ಹೆಣ್ಣುಮಗಳ ದನಿಯಂಗ ಮೆತ್ತಗಾಗ್ಯದ ನೋಡ್ರಿ. ಸಾಗವಾನಿ ಹಳೇದಾದಂಗ ಹಿಂಗ ಆಗ್ತದ. ತಿಳಿದವರಿಗಷ್ಟೇ ಗೊತ್ತು ಇದು. ನೀವು ಕೇಳಿದಷ್ಟು ಕೊಡ್ತೀನಿ. ಜೋಡಿ ನಂದಾತು. ಮಾತು ಅಂದ್ರ ಮಾತು.”

ಹಾಡು ನಿಂತಿತು. ಆಮೇಲೆ ಆ ಸಾಕ್ಷಾತ್ ಗಂಧರ್ವ ಸ್ಪಷ್ಟವಾಗಿ ನುಡಿಯಿತು:

“ಇಲ್ಲೇ ಇದ್ದೀರೇನು? ಸಾರು ಆರಾಕತ್ತದ. ಡಬ್ಬಿ ತೆಗೀತೀರೋ ಇಲ್ಲೋ?”

ಆಚಾರ್ಯರು ಕಣ್ಣು ತೆರೆದರು. ಫ್ಯಾನು ನಿಂತಿತ್ತು. ವೈರು ಬಾಬುಮಿಯಾರ ಕೈಯಲ್ಲೇ ಇತ್ತು. ಹಣಮಪ್ಪ ಹೆಗಲ ಮೇಲಿನ ಟಾವೆಲ್ಲನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ್ದ.

“ಕರೆಂಟ್ ಆಗಳೇ ಹೋಗ್ಯದ್ರಿ” ಎಂದರು ಬಾಬುಮಿಯಾ. “ಮಾತಾಡಬ್ಯಾಡ್ರಿ ಅಂತ ನೀವೇ ಅಂದಿದ್ರಿ. ಖರೇ ಹೇಳ್ತೀನಿ, ಜಿಂದಗಿ ಎಲ್ಲಾ ಹಾಡ್ಕೋತ ಬಂದೀನಿ, ಇಂಥ ಆವಾಜ್ ಕೇಳಿಲ್ಲ. ಅಕ್ಕಾವ್ರು ಹಾಡ್ತಾರಂದ್ರ ಈ ಜೋಡಿ ಅರ್ಧಾ ಬೆಲಿಗೆ ಇಟ್ಟು ಹೋಗ್ತೀನಿ.”

ಕರೆಂಟು ಬಂದ ಮೇಲೆ ಎರಡನೆಯ ಡಬ್ಬಿಗೂ ವೈರು ಹಚ್ಚಿ ನೋಡಿದರು. ಅದರ ನೆಗಡಿ ಮೊದಲಿನದಕ್ಕಿಂತ ಜೋರಾಗಿತ್ತು. ಆದರೆ ಮಾತು ಕೊಟ್ಟಾಗಿತ್ತು. ಊಟಕ್ಕೆ ಕೂತಾಗ ಆಚಾರ್ಯರು ತಲೆ ಎತ್ತದೆ, ನೀ ಯಾವಾಗಿನಿಂದ ಹಾಡ್ತಿ ಎಂದು ಕೇಳಿದರು.

“ದಿನಾ ಹಾಡ್ತೀನಿ” ಎಂದರು ಭಾಮಾಬಾಯಿ, ಸಾರು ಬಡಿಸುತ್ತ. “ನೀವು ಸ್ಪೀಕರ್ ಕೇಳ್ತಿದ್ರಿ.”

ಆರಾಧನೆಯ ಸಂಜೆ ಮಳಖೇಡದಲ್ಲಿ ಭಾಮಾಬಾಯಿ ಮುಂದೆ ಕೂತರು. ಅವರ ಹಿಂದೆ ತಬಲಾ, ತಾಳ. ಆಚಾರ್ಯರನ್ನು ಪಕ್ಕಕ್ಕೆ, ಎರಡು ಡಬ್ಬಿಗಳ ನಡುವೆ, ವೈರು ನೋಡಿಕೊಳ್ಳಲು ಕೂಡಿಸಿದ್ದರು.

“ಆಚಾರ್ರೆ, ಕಣ್ಣ ತೆರಕೊಂಡು ಕುಂದ್ರಿ” ಎಂದ ಹಣಮಪ್ಪ, ತಬಲಾ ಬಿಗಿಯುತ್ತ. “ಕರೆಂಟ್ ಹೋದ್ರ ಈ ಸಲ ನೀವೇ ಹೇಳಬೇಕು.”

ಎರಡನೆಯ ಪದದ ಹೊತ್ತಿಗೆ ಮುಂದಿನ ಸಾಲು ಇನ್ನಷ್ಟು ಮುಂದೆ ಸರಿದು ಕೂತಿತ್ತು. ಮೂರನೆಯದಕ್ಕೆ ಹೊರಗೆ ನಿಂತವರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಆಗಲೇ ಕರೆಂಟು ಹೋಯಿತು. ಬಲ್ಬು ಆರಿತು, ಆಚಾರ್ಯರು ಆರಿಸಿ ತಂದ ಜೋಡಿ ಸ್ಪೀಕರು ಬಾಯಿ ಮುಚ್ಚಿದವು. ಎಣ್ಣೆದೀಪದ ಬೆಳಕಿನಲ್ಲಿ ದನಿ ಹಾಗೇ ಹಿಂದಿನ ಸಾಲಿನವರೆಗೂ ತುಂಬಿಕೊಂಡು ಹರಿಯುತ್ತಿತ್ತು. ಸ್ಪೀಕರು ನಿಂತದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಆಚಾರ್ಯರೊಬ್ಬರಿಗೆ. ಹೇಳಲೆಂದು ಬಾಯಿ ತೆರೆದರು. ಆಮೇಲೆ ಅದನ್ನು ಮುಚ್ಚಿಕೊಂಡು, ಎರಡು ಮೂಕ ಡಬ್ಬಿಗಳ ನಡುವೆ ತಾವೂ ಒಂದಾಗಿ ಕೂತರು.